ಸೀಟು ಎರಡು ಕಡೆ, ಹಾಸ್ಟೆಲ್ ಯಾವ ಕಡೆ? ಕೊಡಗಿನಿಂದ ಹೊರಡುವವರು ವಿಶ್ವವಿದ್ಯಾಲಯ ಆರಿಸುವ ಬಗೆ

ಕೊಡಗಿಗೆ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140. ಬಸ್ ನಿಲ್ದಾಣದಿಂದ ತೋಟದ ಮನೆಗೆ ಇನ್ನೊಂದಿಷ್ಟು ದೂರ. ಹೀಗಿರುವಾಗ ಮನೆಯಿಂದ ದಿನಾ ಓಡಾಡಿ ಓದುವ ಮಾತೇ ಬರುವುದಿಲ್ಲ. ಮೈಸೂರಿನ ಹುಡುಗನಿಗೆ ಹಾಸ್ಟೆಲ್ ಒಂದು ಅನುಕೂಲ ಅಷ್ಟೆ. ಶ್ರೀಮಂಗಲದ ಹುಡುಗಿಗೆ ಅದು ಅರ್ಧ ಸೀಟು. ಹಾಸ್ಟೆಲ್ ಸಿಗದೆ, ಪಿಜಿಗೆ (ಬಾಡಿಗೆ ಕೊಟ್ಟು ಇರುವ ಖಾಸಗಿ ವಸತಿ) ದುಡ್ಡು ಹೊಂದದೆ, ಡಿಸೆಂಬರ್ ಹೊತ್ತಿಗೆ ಓದು ಬಿಟ್ಟು ಮನೆಗೆ ಬರುವುದು ಯಾರಿಗೂ ಬೇಡದ ಸಂಗತಿ. ಅದನ್ನು ತಪ್ಪಿಸುವ ಕೆಲಸ ಜೂನ್ ತಿಂಗಳಲ್ಲೇ ಆಗಬೇಕು.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ್ದು ಇದು: ಸೀಟು ಹಂಚಿಕೆಯ ಆದೇಶ ಬೇರೆ, ಕೊಠಡಿ ಹಂಚಿಕೆಯ ಆದೇಶ ಬೇರೆ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಮುಗಿದ ಮೇಲೆ ಹಾಸ್ಟೆಲ್ ಅರ್ಜಿ ಕರೆಯುತ್ತಾರೆ. ಆಮೇಲೆ ಅಂಕ, ಮೀಸಲಾತಿ, ಕೆಲವು ಕಡೆ ಊರಿನ ದೂರ ನೋಡಿ ಪಟ್ಟಿ ಹಾಕುತ್ತಾರೆ. ಪ್ರವೇಶದ ರಸೀದಿ ಕೈಯಲ್ಲಿದ್ದರೂ ಮಂಚ ನಿಮ್ಮದಾಗಿರುವುದಿಲ್ಲ. ಆದ್ದರಿಂದ ಎರಡು ವಿಶ್ವವಿದ್ಯಾಲಯಗಳನ್ನು ಹೋಲಿಸುವಾಗ ಕೇಳಬೇಕಾದ್ದು "ಹಾಸ್ಟೆಲ್ ಇದೆಯಾ" ಎಂದಲ್ಲ. ನನಗೆ ಸಿಗುತ್ತದೆಯಾ, ಯಾವ ತಾರೀಖಿನಿಂದ, ಎಷ್ಟು ವರ್ಷಕ್ಕೆ, ಸಿಗದಿದ್ದರೆ ಆ ಊರಿನಲ್ಲಿ ಬೇರೆ ದಾರಿ ಏನು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಎಲ್ಲಿ ಒಳ್ಳೆಯ ಉತ್ತರ ಸಿಗುತ್ತದೋ ಆ ಕಡೆಗೇ ಹೆಚ್ಚಿನ ಸಲ ವಾಲಬೇಕಾಗುತ್ತದೆ.

ಕೋರ್ಸಿನ ಮಾತು ಮೊದಲು ಮುಗಿಸಿ

ನಿಮಗೆ ಬೇಕಾದ ವಿಷಯ ಒಂದೇ ಕಡೆ ಇದ್ದರೆ ಹೋಲಿಕೆಯೇ ಇಲ್ಲ. ಅಲ್ಲಿಗೆ ಹೋಗಿ, ವಸತಿಗೆ ದಾರಿ ಹುಡುಕಿ. ಎರಡೂ ಕಡೆ ಇದ್ದರೆ ಮೂರು ವಿಷಯ ನೋಡಿದರೆ ಸಾಕು: ಪಠ್ಯಕ್ರಮ, ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು ಅತಿಥಿ ಉಪನ್ಯಾಸಕರೆಷ್ಟು, ಪ್ರಯೋಗಾಲಯ ಅಥವಾ ಕ್ಷೇತ್ರಕಾರ್ಯದ ವ್ಯವಸ್ಥೆ. ಇವು ಹೆಚ್ಚೂಕಡಿಮೆ ಸಮ ಎನಿಸಿದರೆ ಆಗ ಹಾಸ್ಟೆಲ್ ತೀರ್ಮಾನ ಮಾಡಲಿ. ವ್ಯತ್ಯಾಸ ಎದ್ದು ಕಾಣುತ್ತಿದ್ದರೆ ಹಾಸ್ಟೆಲ್ ಚೆನ್ನಾಗಿದೆ ಎಂದು ಕಳಪೆ ವಿಭಾಗಕ್ಕೆ ಸೇರಬೇಡಿ. ಕೊಠಡಿ ಎರಡು ವರ್ಷಕ್ಕೆ, ಪದವಿ ಬದುಕಿಗೆ.

ಯಾರ ಹಾಸ್ಟೆಲ್, ಯಾರಿಗೆ?

ಹೆಚ್ಚು ಜನ ಎಡವುವುದು ಇಲ್ಲಿ. ಪ್ರಮಾಣಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರು ಒಂದು, ನೀವು ಮಲಗುವ ಜಾಗ ಇನ್ನೊಂದು. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿವೆ, ಅಲ್ಲಿನ ಸ್ನಾತಕೋತ್ತರ ವಿಭಾಗಗಳಲ್ಲಿ ಓದುವವರಿಗೆ. ಪುತ್ತೂರಿನಲ್ಲೋ ಸುಳ್ಯದಲ್ಲೋ ಅದರ ಸಂಯೋಜಿತ ಕಾಲೇಜು ಸೇರಿದವರು ಆ ಕಾಲೇಜಿನ ಹಾಸ್ಟೆಲನ್ನೇ ನಂಬಬೇಕು. 1916ರ ಮೈಸೂರು ವಿಶ್ವವಿದ್ಯಾಲಯಕ್ಕೂ ಇದೇ ಮಾತು: ಮಾನಸಗಂಗೋತ್ರಿಯ ಕೊಠಡಿಯನ್ನು ಹುಣಸೂರಿನ ಸಂಯೋಜಿತ ಕಾಲೇಜಿನವರು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಎಂಜಿನಿಯರಿಂಗ್‌ನಲ್ಲಂತೂ ಪದವಿ ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು, ವಸತಿ ಕಾಲೇಜಿನದು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾಗಲಿ, ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಾಗಲಿ, ಕಾಲೇಜಿಗೊಂದೊಂದು ಲೆಕ್ಕ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಮ್ಮ ಜಿಲ್ಲೆಯಲ್ಲಿದ್ದರೂ ಅದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ್ದು.

ಜಿಲ್ಲೆಯೊಳಗೇ ಓದುವವರು ಹಾಸ್ಟೆಲ್ ಬೇಡ ಎಂದುಕೊಳ್ಳಬೇಡಿ. 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ ಇರುವುದು ಕುಶಾಲನಗರದ ಆಚೆ ಚಿಕ್ಕ ಅಳುವಾರದಲ್ಲಿ. ಕುಶಾಲನಗರ, ಸೋಮವಾರಪೇಟೆ ಕಡೆಯವರಿಗೆ ಅದು ಕೈಯಳತೆ. ಕುಟ್ಟ, ಬಿರುನಾಣಿ ಕಡೆಯವರಿಗೆ ಎರಡು ಮೂರು ಬಸ್ ಬದಲಿಸುವ ದೂರ. ಬೆಳಿಗ್ಗೆ ಕತ್ತಲಲ್ಲಿ ಹೊರಟು ಸಂಜೆ ಕತ್ತಲಲ್ಲಿ ಬರುವುದು ಆನೆ ಓಡಾಡುವ ದಾರಿಯಲ್ಲಿ ಆಗುವ ಕೆಲಸವಲ್ಲ. ಅಲ್ಲಿಗೆ ಸೇರುವವರು ಇನ್ನೊಂದನ್ನೂ ವಿಚಾರಿಸಬೇಕು. 2025ರಲ್ಲಿ ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಬಂದಾಗ ಕೊಡಗಿನದ್ದೂ ಆ ಪಟ್ಟಿಯಲ್ಲಿತ್ತು. ನಿಮ್ಮ ತಂಡದ ಅಂಕಪಟ್ಟಿ ಯಾವ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತದೆ, ಹಾಸ್ಟೆಲ್ ಯಾರ ಸುಪರ್ದಿಯಲ್ಲಿದೆ ಎಂದು ಕುಲಸಚಿವರ ಕಚೇರಿಯಲ್ಲಿ ಕೇಳಿಯೇ ಶುಲ್ಕ ಕಟ್ಟಿ.

ವಾರ್ಡನ್ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕೆಲಸದ ದಿನ ಬೆಳಿಗ್ಗೆ 11ರಿಂದ 1ರೊಳಗೆ ಹೋಗಿ. ವಾರ್ಡನ್ ಹೆಚ್ಚಾಗಿ ಯಾವುದೋ ವಿಭಾಗದ ಅಧ್ಯಾಪಕರೇ ಆಗಿರುತ್ತಾರೆ, ಮಧ್ಯಾಹ್ನ ತರಗತಿಯಲ್ಲಿರುತ್ತಾರೆ. ಲೆಕ್ಕ ಗೊತ್ತಿರುವುದು ಹಾಸ್ಟೆಲ್ ಕಚೇರಿಯ ಗುಮಾಸ್ತರಿಗೆ. ಅವರ ಹತ್ತಿರ ಸಮಾಧಾನವಾಗಿ ಹೀಗೆ ಕೇಳಿ:

"ಹೋದ ವರ್ಷ ನಮ್ಮ ವಿಭಾಗದ ಮೊದಲ ವರ್ಷದವರು ಎಷ್ಟು ಜನ ಅರ್ಜಿ ಹಾಕಿದ್ದರು, ಎಷ್ಟು ಜನಕ್ಕೆ ಸಿಕ್ಕಿತು?"
"ತರಗತಿ ಶುರುವಾದದ್ದು ಯಾವಾಗ, ಕೊಠಡಿ ಕೊಟ್ಟದ್ದು ಯಾವಾಗ?"
"ಎರಡನೇ ವರ್ಷಕ್ಕೆ ತಾನಾಗಿ ಮುಂದುವರಿಯುತ್ತದಾ, ಮತ್ತೆ ಅರ್ಜಿ ಹಾಕಬೇಕಾ? ಹಾಜರಾತಿ ಕಡಿಮೆಯಾದರೆ, ವಿಷಯ ಉಳಿದರೆ ಹೋಗುತ್ತದಾ?"
"ಸ್ವಯಂ ಹಣಕಾಸು ಕೋರ್ಸಿನವರಿಗೂ, ಪೇಮೆಂಟ್ ಸೀಟಿನವರಿಗೂ ಕೊಡುತ್ತೀರಾ?"
"ಸೆಮಿಸ್ಟರ್ ರಜೆಯಲ್ಲಿ ಕೊಠಡಿ ಖಾಲಿ ಮಾಡಬೇಕಾ? ಸಾಮಾನು ಎಲ್ಲಿಡಬೇಕು?"
"ಅತಿಥಿಯಾಗಿ ಸ್ನೇಹಿತರ ಕೊಠಡಿಯಲ್ಲಿರಲು ಅನುಮತಿ ಇದೆಯಾ, ದಿನಕ್ಕೆ ಎಷ್ಟು?"

ಎರಡನೇ ಪ್ರಶ್ನೆಗೆ ಬರುವ ಉತ್ತರವೇ ಬಹುಮುಖ್ಯ. ತರಗತಿಗೂ ಕೊಠಡಿಗೂ ನಡುವೆ ಎರಡು ಮೂರು ತಿಂಗಳ ಅಂತರ ಬೀಳುವುದುಂಟು. ಹಿಂದಿನ ತಂಡದ ಪರೀಕ್ಷೆ ಮುಗಿಯದೆ ಕೊಠಡಿ ಖಾಲಿಯಾಗುವುದಿಲ್ಲ, ಪರೀಕ್ಷೆ ತಡವಾದಷ್ಟೂ ಹೊಸಬರು ಹೊರಗೆ ಕಾಯಬೇಕು. ಆ ತಿಂಗಳುಗಳ ಖರ್ಚನ್ನು ಯಾರೂ ಶುಲ್ಕದ ಪಟ್ಟಿಯಲ್ಲಿ ಬರೆದಿರುವುದಿಲ್ಲ.

"ಎಲ್ಲರಿಗೂ ಸಿಗುತ್ತೆ, ಬನ್ನಿ" ಎಂಬ ಬಾಯಿಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೋದ ವರ್ಷದ ಹಂಚಿಕೆ ಪಟ್ಟಿ ಸೂಚನಾ ಫಲಕದಲ್ಲೋ ಜಾಲತಾಣದಲ್ಲೋ ಇದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನಿಮ್ಮ ಪ್ರವರ್ಗದಲ್ಲಿ ಕೊನೆಯದಾಗಿ ಕೊಠಡಿ ಸಿಕ್ಕವರ ಅಂಕ ಎಷ್ಟಿತ್ತು ಎಂದು ನೋಡಿದರೆ ನಿಮ್ಮ ಸ್ಥಾನ ತಿಳಿಯುತ್ತದೆ.

ಕೊಠಡಿಯನ್ನು ಕಣ್ಣಾರೆ ನೋಡುವುದು

ಸಾಧ್ಯವಾದರೆ ಜುಲೈನಲ್ಲಿ, ಮಳೆ ಹಿಡಿದ ದಿನ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ಕಟ್ಟಡವೂ ಚೆನ್ನಾಗಿಯೇ ಕಾಣುತ್ತದೆ. ಮಳೆಯಿಲ್ಲದ ಕಾಲದಲ್ಲಿ ಹೋದರೆ ಕಿಟಕಿಯ ಕೆಳಗಿನ ಗೋಡೆ, ಬೀರುವಿನ ಹಿಂಭಾಗ, ಮೇಲಿನ ಅಂತಸ್ತಿನ ಸೀಲಿಂಗ್ ಮೂಲೆ ನೋಡಿ. ಬಣ್ಣ ಉಬ್ಬಿ ಹೊಪ್ಪಳೆ ಎದ್ದಿದ್ದರೆ, ಬೆರಳಿನಿಂದ ಒತ್ತಿದಾಗ ಸುಣ್ಣ ಪುಡಿಯಾಗಿ ಉದುರಿದರೆ ಅಲ್ಲಿ ನೀರು ಇಳಿಯುತ್ತದೆ. ಹಾಸಿಗೆಯ ಒಂದು ಮೂಲೆ ಎತ್ತಿ ಅಡಿ ನೋಡಿ. ಕಪ್ಪು ಚುಕ್ಕೆ ಇದ್ದರೆ ಬೂಷ್ಟು. ಮಳೆಗಾಲದ ಮನೆಯ ವಾಸನೆ ಕೊಡಗಿನವರಿಗೆ ಹೊಸದಲ್ಲ, ಆದರೆ ಮನೆಯಲ್ಲಿ ಒಲೆಯ ಮೇಲೆ ಬಟ್ಟೆ ಒಣಗುತ್ತದೆ, ಹಾಸ್ಟೆಲಿನಲ್ಲಿ ಒಲೆಯಿಲ್ಲ. ಬಟ್ಟೆ ಒಣಗಿಸಲು ಮೇಲೆ ಸೂರಿರುವ, ಗಾಳಿಯಾಡುವ ಜಾಗ ಇದೆಯೇ ಎಂದು ಕೊಣಾಜೆಯಲ್ಲಿ ಖಂಡಿತ ನೋಡಬೇಕು. ಅಲ್ಲಿ ಕರಾವಳಿಯ ಮಳೆ. ಮಳೆ ಬಿಟ್ಟ ಮೇಲೆ ಬೆವರು ಆರದ ಸೆಕೆ, ಫ್ಯಾನ್ ಇಲ್ಲದೆ ನಿದ್ದೆ ಬಾರದು. ಮೈಸೂರಿನಲ್ಲಿ ಚಿಂತೆ ಬೇರೆ: ಮಾರ್ಚ್‌ನಿಂದ ಮೇ ತನಕ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿ.

ನೀರನ್ನು ಪರೀಕ್ಷಿಸುವ ಹೊತ್ತು ಬೆಳಿಗ್ಗೆ 7 ಗಂಟೆ, ಜಾಗ ಮೇಲಿನ ಅಂತಸ್ತು. ಎಲ್ಲರೂ ಸ್ನಾನಕ್ಕೆ ನಿಂತಾಗ ಅಲ್ಲಿ ನಲ್ಲಿ ಧಾರೆಯಾಗಿ ಬಂದರೆ ಚಿಂತೆಯಿಲ್ಲ. ಒಂದು ಅಂತಸ್ತಿನ ಸ್ನಾನದ ಮನೆಗಳ ಬಾಗಿಲು ಎಣಿಸಿ, ಅಲ್ಲಿರುವ ಜನರ ಸಂಖ್ಯೆಯನ್ನು ಅದರಿಂದ ಭಾಗಿಸಿ. ಒಂದಕ್ಕೆ 8 ಜನ ಆದರೆ ಹೊಂದಿಕೊಳ್ಳಬಹುದು, 12 ದಾಟಿದರೆ ದಿನಾ ಸಾಲು, ಬೆಳಗಿನ ತರಗತಿಗೆ ದಿನಾ ತಡ. ಕೆಟ್ಟು ಬೀಗ ಹಾಕಿದ ಬಾಗಿಲುಗಳನ್ನು ಲೆಕ್ಕದಿಂದ ಬಿಡಿ.

ಮೊಬೈಲ್ ಸಿಗ್ನಲ್ಲನ್ನು ವರಾಂಡದಲ್ಲಲ್ಲ, ಕೊಠಡಿಯ ಒಳಗೆ ಬಾಗಿಲು ಹಾಕಿಕೊಂಡು ನೋಡಿ. ಕೊಠಡಿಗೆ ಎಷ್ಟು ಜನ, ಎಷ್ಟು ಪ್ಲಗ್, ಮೇಜು ಎಷ್ಟು ಎಂದು ಎಣಿಸಿ. ಮೂವರಿಗೆ ಎರಡು ಮೇಜಿದ್ದರೆ ಒಬ್ಬರು ಎರಡು ವರ್ಷ ಮಂಚದ ಮೇಲೆ ಓದುತ್ತಾರೆ.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇನ್ನೊಂದು ಲೆಕ್ಕವಿದೆ. ಗೇಟು ಮುಚ್ಚುವ ಹೊತ್ತನ್ನೂ ಗ್ರಂಥಾಲಯ ಮುಚ್ಚುವ ಹೊತ್ತನ್ನೂ ಅಕ್ಕಪಕ್ಕ ಬರೆಯಿರಿ. ಗ್ರಂಥಾಲಯ 8ರವರೆಗೆ ತೆರೆದಿದ್ದು ಗೇಟು 7ಕ್ಕೇ ಮುಚ್ಚಿದರೆ ಆ ಒಂದು ಗಂಟೆ ನಿಮಗಿಲ್ಲ. ಪ್ರಯೋಗಾಲಯದ ಕೋರ್ಸಿನವರಿಗೆ ಇದು ಚಿಕ್ಕ ವಿಷಯವಲ್ಲ. ವಿಭಾಗದ ಮುಖ್ಯಸ್ಥರ ಪತ್ರ ತಂದರೆ ತಡವಾಗಿ ಬಿಡುತ್ತಾರೆಯೇ ಎಂದು ವಾರ್ಡನ್ ಹತ್ತಿರವೇ ಕೇಳಿ. ವಿಭಾಗದಿಂದ ಹಾಸ್ಟೆಲಿನವರೆಗೆ ಸಂಜೆ 7ರ ಮೇಲೆ ಒಮ್ಮೆ ನಡೆದು ನೋಡಿ, ದಾರಿದೀಪ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ರಾತ್ರಿ ಜ್ವರ ಬಂದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ವಾಹನ ಯಾವುದು ಎಂಬುದಕ್ಕೆ ಸ್ಪಷ್ಟ ಉತ್ತರ ಬರಬೇಕು.

ರ‍್ಯಾಗಿಂಗ್ ಬಗ್ಗೆ ಕೇಳಲು ಸಂಕೋಚ ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮಾವಳಿ ಹೊಸಬರನ್ನು ಸಾಧ್ಯವಾದಷ್ಟೂ ಬೇರೆ ಬ್ಲಾಕಿನಲ್ಲಿ ಇರಿಸಬೇಕು ಎನ್ನುತ್ತದೆ. ಹಾಗೆ ಇರಿಸುತ್ತಾರೆಯೇ ಎಂದು ನೋಡಿ. ದಿನದ 24 ಗಂಟೆಯೂ ಇರುವ ಸಹಾಯವಾಣಿ 1800-180-5522, ಅದನ್ನು ಮಗ ಮಗಳ ಮೊಬೈಲಿನಲ್ಲಿ ಮೊದಲೇ ಹಾಕಿಕೊಡಿ.

ಮೆಸ್ ಬಿಲ್ಲು ಹೇಗೆ ಬರುತ್ತದೆ?

ಬಹಳ ಹಾಸ್ಟೆಲ್‌ಗಳಲ್ಲಿ ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸುತ್ತಾರೆ. ಉದಾಹರಣೆಗೆ ಖರ್ಚು 3,15,000 ರೂಪಾಯಿ, ಉಂಡ ದಿನಗಳು 2,625 ಎಂದುಕೊಳ್ಳಿ. ದಿನಕ್ಕೆ 120 ರೂಪಾಯಿ ಬಿತ್ತು. 26 ದಿನ ಉಂಡವರಿಗೆ 3,120, 20 ದಿನ ಉಂಡವರಿಗೆ 2,400.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಊರಿಗೆ ಹೋದ ದಿನ ಬಿಲ್ಲಿನಿಂದ ಕಳೆಯಬೇಕಾದರೆ ಮೊದಲೇ ಬರೆದುಕೊಡಬೇಕು, ಅದಕ್ಕೂ ಕನಿಷ್ಠ ಇಷ್ಟು ದಿನ ಸತತವಾಗಿ ಹೋಗಿರಬೇಕು ಎಂಬ ಷರತ್ತು ಇರುತ್ತದೆ. ಪುತ್ತರಿಗೆ ಮೂರು ದಿನ, ಕೈಲ್ ಪೊಳ್ದ್‌ಗೆ ಎರಡು ದಿನ, ತುಲಾ ಸಂಕ್ರಮಣಕ್ಕೆ ಒಂದು ದಿನ ಎಂದು ಬಿಡಿಬಿಡಿಯಾಗಿ ಬರುವ ನಮ್ಮವರಿಗೆ ಆ ಷರತ್ತು ಐದು ದಿನವೆಂದಿದ್ದರೆ ಒಂದು ಪೈಸೆಯೂ ಕಳೆಯುವುದಿಲ್ಲ. ಎರಡು, ಹೆಚ್ಚು ಜನ ಊರಿಗೆ ಹೋದ ತಿಂಗಳು ಉಳಿದವರ ದಿನದ ದರ ಏರುತ್ತದೆ, ಏಕೆಂದರೆ ಅಡುಗೆಯವರ ಸಂಬಳ ಕಡಿಮೆಯಾಗುವುದಿಲ್ಲ. ಹಿಂದಿನ ಆರು ತಿಂಗಳ ಬಿಲ್ಲಿನ ದರ ಕೇಳಿ, ಎಲ್ಲಕ್ಕಿಂತ ಹೆಚ್ಚಿನದನ್ನೇ ನಿಮ್ಮ ಲೆಕ್ಕಕ್ಕೆ ಹಿಡಿಯಿರಿ.

ಊಟದ ರುಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನ ಕಡೆ ಮುದ್ದೆ, ಮಂಗಳೂರಿನ ಕಡೆ ಕುಚ್ಚಲಕ್ಕಿ. ಅಕ್ಕಿ ರೊಟ್ಟಿ, ಕಡಂಬಿಟ್ಟು ಎರಡೂ ಕಡೆ ಸಿಗದು. ಒಂದು ಹೊತ್ತು ಮೆಸ್ಸಿನಲ್ಲಿ ಕೂಪನ್ ತೆಗೆದು ಉಂಡು ನೋಡಿದರೆ ಸಾಕು.

ದಾರಿ, ಮಳೆ, ಕತ್ತಲು

ಮನೆಯಿಂದ ಕ್ಯಾಂಪಸ್ಸಿನವರೆಗಿನ ದಾರಿಯನ್ನು ಜುಲೈ ತಿಂಗಳ ದಾರಿಯಾಗಿ ಯೋಚಿಸಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದಾಗ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. ಮಂಗಳೂರಿನಲ್ಲಿದ್ದ ಮಕ್ಕಳು ಊರಿಗೆ ಬರಲು ಸುತ್ತು ಹಾಕಬೇಕಾಯಿತು. ಮಳೆ ಜೋರಾದ ವರ್ಷಗಳಲ್ಲಿ ಆ ಘಾಟಿಯಲ್ಲಿ ಸಂಚಾರಕ್ಕೆ ಮತ್ತೆ ಮತ್ತೆ ನಿರ್ಬಂಧ ಬೀಳುತ್ತದೆ. ಮೈಸೂರಿನ ಕಡೆಗೆ ಈ ಭಯ ಕಡಿಮೆ. ಹಾಗೆಂದು ಮಂಗಳೂರು ಬೇಡವೆಂದಲ್ಲ. ಅಲ್ಲಿ ಓದುವವರಿಗೆ ಮಳೆಗಾಲದ ಮೂರು ತಿಂಗಳು ಕ್ಯಾಂಪಸ್ಸಿನ ಒಳಗಿನ ಕೊಠಡಿ ಇನ್ನೂ ಹೆಚ್ಚು ಬೇಕು, ರಜೆಯಲ್ಲೂ ಖಾಲಿ ಮಾಡಿಸದ ಹಾಸ್ಟೆಲ್ ಬೇಕು.

ಕೊಣಾಜೆಗೆ ಹೋಗುವವರು ಮಂಗಳೂರು ನಗರದವರೆಗೆ ಹೋಗಿ ಮತ್ತೆ ಹಿಂದೆ ಬರಬೇಕಿಲ್ಲ. ಕಲ್ಲಡ್ಕ ದಾಟಿ ಮೇಲ್ಕಾರಿನಲ್ಲಿ ಇಳಿದರೆ ಮುಡಿಪು ಮೂಲಕ ಕೊಣಾಜೆಗೆ ರಸ್ತೆಯಿದೆ. ನೀವು ಇಳಿಯುವ ಹೊತ್ತಿಗೆ ಆ ದಾರಿಯ ಬಸ್ಸು ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಮಾನಸಗಂಗೋತ್ರಿ ಮೈಸೂರು ನಗರದ ಒಳಗೇ, ಕುಕ್ಕರಹಳ್ಳಿ ಕೆರೆಯ ಪಕ್ಕ. ಬಸ್ ನಿಲ್ದಾಣದಿಂದ ಆಟೋದಲ್ಲೂ ಹೋಗಬಹುದು.

ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ ಹೊರಟರೆ ಮನೆಯ ಹತ್ತಿರದ ಸ್ಟಾಪಿಗೆ ಎಷ್ಟು ಗಂಟೆಗೆ ತಲುಪುತ್ತೀರಿ ಎಂದು ಬರೆದು ನೋಡಿ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ತೋಟಗಳಲ್ಲಿ ಸಂಜೆ 6ರ ಮೇಲೆ ಸ್ಟಾಪಿನಿಂದ ಮನೆಗೆ ನಡೆಯುವಂತಿಲ್ಲ, ಆನೆಯ ಭಯ. ಕತ್ತಲಾಗುವ ಮೊದಲು ತಲುಪಲಾರದ ಊರಾದರೆ ವಾರದ ಕೊನೆಗೆ ಬರುವ ಯೋಚನೆ ಬಿಟ್ಟು ತಿಂಗಳಿಗೊಮ್ಮೆ ಎಂದು ಲೆಕ್ಕ ಹಾಕಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ರಾಜಹಂಸ, ಐರಾವತಕ್ಕೆ, ಖಾಸಗಿ ಬಸ್ಸಿಗೆ ಇಲ್ಲ. ಮಂಗಳೂರಿನ ಸುತ್ತಮುತ್ತ ಖಾಸಗಿ ಬಸ್ಸುಗಳೇ ಹೆಚ್ಚು ಎಂಬುದು ಲೆಕ್ಕದಲ್ಲಿರಲಿ.

ದುಡ್ಡಿನ ಲೆಕ್ಕ ಒಂದು ಹಾಳೆಯಲ್ಲಿ

ಬೋಧನಾ ಶುಲ್ಕ ಮಾತ್ರ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಡೆ ವರ್ಷದ ಪೂರ್ತಿ ಖರ್ಚು ಬರೆಯಿರಿ. ಲೆಕ್ಕದ ರೀತಿ ತೋರಿಸಲು ಒಂದು ಮಾದರಿ ಇಲ್ಲಿದೆ, ನಿಮ್ಮ ಊರು ನಿಮ್ಮ ಹಾಸ್ಟೆಲಿನ ಅಂಕಿ ನೀವು ಹಾಕಿಕೊಳ್ಳಿ.

ಒಂದನೇ ವಿಶ್ವವಿದ್ಯಾಲಯ, ಕ್ಯಾಂಪಸ್ ಹಾಸ್ಟೆಲ್: ಕೊಠಡಿ ಮತ್ತು ನಿರ್ವಹಣೆ ವರ್ಷಕ್ಕೆ 14,000. ಮೆಸ್ ತಿಂಗಳಿಗೆ 3,600ರಂತೆ 10 ತಿಂಗಳಿಗೆ 36,000. ಊರಿನ ಓಡಾಟ 3,000. ಒಟ್ಟು 53,000. ಜೊತೆಗೆ 5,000 ಠೇವಣಿ, ಕೊನೆಗೆ ವಾಪಸ್ ಬರುವುದು.

ಎರಡನೇ ವಿಶ್ವವಿದ್ಯಾಲಯ, ಹಾಸ್ಟೆಲ್ ಇಲ್ಲದೆ ಪಿಜಿ: ಊಟ ಸೇರಿ ತಿಂಗಳಿಗೆ 7,500ರಂತೆ 12 ತಿಂಗಳಿಗೆ 90,000, ಏಕೆಂದರೆ ರಜೆಯ ಎರಡು ತಿಂಗಳು ಬಾಡಿಗೆ ನಿಲ್ಲಿಸಿದರೆ ಜಾಗ ಬೇರೆಯವರಿಗೆ ಹೋಗುತ್ತದೆ. ಕ್ಯಾಂಪಸ್ಸಿಗೆ ಬಸ್ಸು 10 ತಿಂಗಳಿಗೆ 8,000. ಊರಿನ ಓಡಾಟ 3,000. ಬಿಡುವಾಗ ಬಣ್ಣ, ನಿರ್ವಹಣೆ ಎಂದು ಮುಂಗಡದಿಂದ ಹಿಡಿಯುವುದು 3,000. ಒಟ್ಟು 1,04,000.

ವರ್ಷಕ್ಕೆ 51,000ದ ಅಂತರ. ಎರಡನೆಯದರ ಬೋಧನಾ ಶುಲ್ಕ 20,000 ಕಡಿಮೆಯಿದ್ದರೂ ಒಂದನೆಯದೇ 31,000 ಅಗ್ಗ. ಇನ್ನೊಂದು ಸಾಲು ಸೇರಿಸಿ: ಒಂದನೆಯದರಲ್ಲಿ ಕೊಠಡಿ ಮೂರು ತಿಂಗಳು ತಡವಾದರೆ ಏನು? ಆ ಮೂರು ತಿಂಗಳ ಪಿಜಿ 22,500, ಅದರಲ್ಲಿ ಉಳಿತಾಯವಾಗುವ ಮೆಸ್ ಖರ್ಚು 10,800 ಕಳೆದರೆ ಹೆಚ್ಚುವರಿ ಹೊರೆ 11,700. ಈ ಮೊತ್ತ ಕೈಯಲ್ಲಿಲ್ಲದೆ ಹೊರಡಬೇಡಿ.

ಪಿಜಿಯವರು ಜಿಎಸ್‌ಟಿ ಎಂದು ಸೇರಿಸಿದರೆ ಪ್ರಶ್ನಿಸಿ. ತಿಂಗಳಿಗೆ ತಲಾ 20,000 ರೂಪಾಯಿವರೆಗಿನ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ 2024ರ ಜುಲೈನಿಂದ ವಿನಾಯಿತಿ ಇದೆ.

ಕೊಡಗಿನ ಮನೆಗಳ ಕಷ್ಟ ಬೇರೆ ತರದ್ದು. ಕಾಫಿಯ ದುಡ್ಡು, ಕರಿಮೆಣಸಿನ ದುಡ್ಡು ಕೈಗೆ ಬರುವುದು ಜನವರಿಯಿಂದ ಏಪ್ರಿಲ್. ಶುಲ್ಕ, ಠೇವಣಿ, ಮುಂಗಡ ಎಲ್ಲ ಒಟ್ಟಿಗೆ ಕೇಳುವುದು ಜುಲೈನಿಂದ ಸೆಪ್ಟೆಂಬರ್, ಆಗ ಗೊಬ್ಬರ, ಔಷಧಿ, ಕೂಲಿಗೆ ಕೈ ಬರಿದು. ತುರ್ತಿಗೆ ಬಡ್ಡಿ ಸಾಲ ತೆಗೆದರೆ ಆ ಬಡ್ಡಿಯೂ ಹಾಸ್ಟೆಲಿನ ಖರ್ಚೇ. ದ್ವಿತೀಯ ಪಿಯುಸಿ ಅಥವಾ ಪದವಿಯ ಕೊನೆಯ ವರ್ಷದಲ್ಲಿ ಮಕ್ಕಳಿದ್ದರೆ ಕಾಫಿ ಮಾರಿದ ವಾರವೇ ಮೊದಲ ಮೂರು ತಿಂಗಳ ವಸತಿ ದುಡ್ಡು ಬೇರೆ ಖಾತೆಗೆ ಹಾಕಿಡಿ. ಶೈಕ್ಷಣಿಕ ಸಾಲ ತೆಗೆಯುವವರು ಹಾಸ್ಟೆಲ್ ಖರ್ಚನ್ನೂ ಅರ್ಜಿಯಲ್ಲೇ ಸೇರಿಸಬೇಕು. ಮೊದಲು ಬೋಧನಾ ಶುಲ್ಕಕ್ಕೆ ಮಾತ್ರ ಮಂಜೂರು ಮಾಡಿಸಿಕೊಂಡರೆ ಆಮೇಲೆ ಹೆಚ್ಚಿಸಿಕೊಳ್ಳುವುದು ಕಷ್ಟ.

ಸರ್ಕಾರಿ ಹಾಸ್ಟೆಲ್ ಎಂಬ ಮೂರನೇ ದಾರಿ

ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಗದಿದ್ದರೆ ನೇರ ಪಿಜಿಗೆ ಹೋಗಬೇಕೆಂದಿಲ್ಲ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಅರ್ಜಿ ರಾಜ್ಯ ವಿದ್ಯಾರ್ಥಿ ನಿಲಯಗಳ ಪೋರ್ಟಲ್‌ನಲ್ಲಿ. ಹಿಂದುಳಿದ ವರ್ಗದವರಿಗೆ ಇಲಾಖೆಯ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳು, ವರ್ಷಕ್ಕೆ 15,000 ಖಾತೆಗೆ ಬರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಎರಡು ಊರುಗಳನ್ನು ಹೋಲಿಸುವಾಗ ಇಲಾಖೆಯ ಹಾಸ್ಟೆಲ್ ಕ್ಯಾಂಪಸ್ಸಿನಿಂದ ಎಷ್ಟು ದೂರ ಎಂದೂ ನೋಡಿ. ಮೈಸೂರು, ಮಂಗಳೂರು, ಬೆಂಗಳೂರಿನ ಕೊಡವ ಸಮಾಜ, ಗೌಡ ಸಮಾಜಗಳಲ್ಲಿ ವಿಚಾರಿಸಿದರೆ ನಂಬಿಕೆಯ ಮನೆ, ಪಿಜಿಗಳ ಸುಳಿವು ಸಿಗುವುದುಂಟು.

ಈ ಅರ್ಜಿಗಳು ಸಿಕ್ಕಿಬೀಳುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಮನೆತನ, ಬ್ಯಾಂಕಿನಲ್ಲಿ ಅಪ್ಪನ ಹೆಸರು ಹಿಂದೆ. ಮೂರು ಕಡೆ ಮೂರು ರೂಪವಿದ್ದರೆ ಪೋರ್ಟಲ್ ಒಪ್ಪುವುದಿಲ್ಲ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಆಧಾರನ್ನು ಏಪ್ರಿಲ್‌ನಲ್ಲೇ ತಿದ್ದಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಶಾಖೆಯಲ್ಲಿ ಕೇಳಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಳೆಗೆ ಮೊದಲೇ ಮಾಡಿಸಿ, ಆ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಆಪ್ಷನ್ ಹಾಕುವಾಗ, ಸೀಟು ಬಿಡುವಾಗ

ಸಿಇಟಿ ಆಪ್ಷನ್, ಅಂದರೆ ಬೇಕಾದ ಕಾಲೇಜು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವ ದಿನಗಳು ನಮ್ಮ ಜೋರು ಮಳೆಯ ದಿನಗಳೇ. ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ. ಕೊನೆಯ ದಿನಕ್ಕೆ ಬಿಡಬೇಡಿ. ಮೊದಲ ದಿನವೇ ಮಡಿಕೇರಿ, ಕುಶಾಲನಗರ ಅಥವಾ ಗೋಣಿಕೊಪ್ಪಕ್ಕೆ ಹೋಗಿ ಮುಗಿಸಿ, ಒಟಿಪಿ ಬರುವ ಮೊಬೈಲ್ ಜೊತೆಗಿರಲಿ.

ಸಿಇಟಿ ಸೀಟು ಹಂಚುವ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಚಾಯ್ಸ್ 2 ಒತ್ತುವವರಿಗೆ ಒಂದು ಎಚ್ಚರಿಕೆ. ಕೈಯಲ್ಲಿರುವ ಸೀಟು ಇಟ್ಟುಕೊಂಡು ಮೇಲಿನ ಆಪ್ಷನ್‌ಗೆ ಕಾಯುವುದು ಅದರ ಅರ್ಥ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿದ ಕೂಡಲೇ ಈಗಿನ ಸೀಟು ತಾನಾಗಿ ಹೋಗುತ್ತದೆ. ಮೇಲೆ ಹಾಕಿದ ಕಾಲೇಜಿನಲ್ಲಿ ಹಾಸ್ಟೆಲ್ ಇಲ್ಲವೆಂದು ಆಮೇಲೆ ಗೊತ್ತಾದರೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ತಿದ್ದಲು ಅವಕಾಶ ಕೊಟ್ಟಾಗ ವಸತಿ ಖಾತ್ರಿಯಿಲ್ಲದ ಆಪ್ಷನ್‌ಗಳನ್ನು ಕೆಳಗಿಳಿಸಿ ಅಥವಾ ತೆಗೆದುಹಾಕಿ.

ವಿಶ್ವವಿದ್ಯಾಲಯಗಳ ನೇರ ಪ್ರವೇಶದಲ್ಲಿ ಎರಡು ಕಡೆ ಶುಲ್ಕ ಕಟ್ಟಿ ಹಾಸ್ಟೆಲ್ ಪಟ್ಟಿಗೆ ಕಾಯುವವರಿದ್ದಾರೆ. ಹಾಗೆ ಮಾಡುವುದಾದರೆ ತಾರೀಖು ಗಮನದಲ್ಲಿರಲಿ. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಶುಲ್ಕ ಪೂರ್ತಿ ವಾಪಸ್, ಅದರಲ್ಲಿ ಶೇ. 5 ಅಥವಾ 5,000 ಮೀರದ ಮೊತ್ತ ಮಾತ್ರ ಹಿಡಿಯಬಹುದು. 15 ದಿನದೊಳಗೆ ಆದರೆ ಶೇ. 90. ಕೊನೆಯ ದಿನದ ನಂತರ 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50, ಆಮೇಲೆ ಇಲ್ಲ. ನಂತರದ ವರ್ಷಗಳಲ್ಲಿ ಯುಜಿಸಿ ಇನ್ನಷ್ಟು ಸಡಿಲ ಮಾಡಿದ್ದೂ ಇದೆ, ಆ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ ಶುಲ್ಕದ ವಾಪಸಾತಿ ಹಾಸ್ಟೆಲಿನದೇ ನಿಯಮ, ಅದನ್ನು ಬೇರೆಯಾಗಿ ಓದಿ.

ಇಷ್ಟಾದ ಮೇಲೂ ತೂಕ ಸಮನಾಗಿ ನಿಂತರೆ, ಹಾಸ್ಟೆಲ್ ಸಿಗದಿದ್ದರೆ ಯಾವ ಊರಿನಲ್ಲಿ ಬದುಕಬಹುದು ಎಂದು ನೋಡಿ. ಮಾನಸಗಂಗೋತ್ರಿಯ ಸುತ್ತ ಸರಸ್ವತಿಪುರಂ, ಜಯಲಕ್ಷ್ಮಿಪುರಂನಂಥ ಬಡಾವಣೆಗಳಿವೆ, ನಡೆದು ಹೋಗುವಷ್ಟರಲ್ಲಿ ಕೊಠಡಿ ಹುಡುಕಬಹುದು. ಕೊಣಾಜೆ ನಗರದಿಂದ ಹೊರಗಿನ ಗುಡ್ಡ. ಅಲ್ಲಿ ಹೊರಗಿರುವವರು ಅಸೈಗೋಳಿ, ದೇರಳಕಟ್ಟೆ, ಮುಡಿಪು ಎಂದು ಹುಡುಕಬೇಕು, ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳವರ ಜೊತೆ ಪೈಪೋಟಿ. ಹಾಗಾಗಿ ಹಾಸ್ಟೆಲ್ ಖಾತ್ರಿಯಿದ್ದರೆ ಕೊಣಾಜೆ ಒಳ್ಳೆಯದು, ಓದಿಗೆ ಬೇಕಾದ ಏಕಾಂತ ಅಲ್ಲಿದೆ. ಖಾತ್ರಿಯಿಲ್ಲದಿದ್ದರೆ ಮೈಸೂರು ಹೆಚ್ಚು ನಂಬಿಕೆಯದು.

ಸೇರುವ ದಿನ

ಹಂಚಿಕೆ ಪಟ್ಟಿ ಬಂದಾಗ ಮೂರು ನಾಲ್ಕು ದಿನವಷ್ಟೇ ಸಮಯ ಕೊಡುತ್ತಾರೆ. ಅಷ್ಟರಲ್ಲಿ ದುಡ್ಡು ಕಟ್ಟದಿದ್ದರೆ ಕೊಠಡಿ ಮುಂದಿನವರಿಗೆ. ಪ್ರವೇಶದ ರಸೀದಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ, ಆರು ಭಾವಚಿತ್ರ, ಸ್ಥಳೀಯ ಪೋಷಕರ ಒಪ್ಪಿಗೆ ಪತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಿರಲಿ. ಸ್ಥಳೀಯ ಪೋಷಕರಾಗಿ ಹೆಸರು ಕೊಡುವವರು ಆ ಊರಿನಲ್ಲೇ ಇರಬೇಕು, ವಾರ್ಡನ್ ಫೋನ್ ಮಾಡಿದರೆ ಎತ್ತಬೇಕು.

ಕೊಠಡಿಯ ಬೀಗ ತೆಗೆದ ಕೂಡಲೇ, ಸಾಮಾನು ಇಳಿಸುವ ಮೊದಲು, ಗೋಡೆ, ಕಿಟಕಿ ಗಾಜು, ಮಂಚ, ಮೇಜು, ಫ್ಯಾನ್, ಸ್ವಿಚ್ಚಿನ ಚಿತ್ರ ತೆಗೆಯಿರಿ. ಒಡೆದದ್ದನ್ನು ಸಾಮಾನು ಪುಸ್ತಕದಲ್ಲಿ ಬರೆಸಿ ಗುಮಾಸ್ತರ ಸಹಿ ಹಾಕಿಸಿ. ಠೇವಣಿಯ ಮೂಲ ರಸೀದಿ ಮಕ್ಕಳ ಪೆಟ್ಟಿಗೆಯಲ್ಲಿ ಬೇಡ, ಮನೆಯ ಬೀರುವಿನಲ್ಲಿ ಅಂಕಪಟ್ಟಿಗಳ ಜೊತೆ ಇರಲಿ. ಎರಡು ವರ್ಷದ ಮೇಲೆ ಬಾಕಿಯಿಲ್ಲದ ಪತ್ರದ ಜೊತೆ ಆ ರಸೀದಿ ಕೇಳುತ್ತಾರೆ, ಅದಿಲ್ಲದಿದ್ದರೆ ಠೇವಣಿ ಬಿಡಿಸಿಕೊಳ್ಳಲು ಮಡಿಕೇರಿಯಿಂದ ಮತ್ತೊಮ್ಮೆ ಘಾಟಿ ಇಳಿಯಬೇಕಾಗುತ್ತದೆ.